ಹೆಸರು ಮುಟ್ಟಿದರೆ ಮೀಸೆ

ನಗಬೇಕೆಂದು ನಾನು ಎಲ್ಲಿಗೂ ಹೋಗುವುದಿಲ್ಲ. ಬೀದರಿನ ಚಿದ್ರಿಯಲ್ಲಿರುವ ನನ್ನ ಡಿಟಿಪಿ ಅಂಗಡಿಗೆ ಒಂದಲ್ಲ ಒಂದು ಪ್ರಸಂಗ ತಾನಾಗಿಯೇ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ. ಲಗ್ನಪತ್ರಿಕೆ ಮಾಡಿಸಲು ಬಂದ ಬೀಗರು ಯಾರ ಹೆಸರು ಮೇಲೆ ಬರಬೇಕೆಂದು ಇಲ್ಲೇ ಜಗಳ ತೆಗೆದು ಲಗ್ನವನ್ನೇ ಮುಂದೂಡಿ ಎದ್ದು ಹೋದದ್ದುಂಟು. ತಮ್ಮ ಸನ್ಮಾನದ ಬ್ಯಾನರಿಗೆ ಹೊಗಳಿಕೆಯನ್ನು ತಾವೇ ಬರೆದು ತಂದು, ನನ್ನಿಂದ ಜೋರಾಗಿ ಓದಿಸಿ, ಕೇಳಿ ಕಣ್ಣೊರೆಸಿಕೊಂಡವರೂ ಉಂಟು. ಆದರೆ ಆ ಬರದ ವರ್ಷ ನಮ್ಮ ಸಮಾಜದ ವಧು-ವರರ ಪುಸ್ತಕ ಮಾಡಿದಾಗ ನಡೆದದ್ದು ಇವೆಲ್ಲಕ್ಕೂ ಅಪ್ಪ.

ಪ್ರತಿ ವರ್ಷ ಭಾಲ್ಕಿಯಲ್ಲಿ ವಧು-ವರರ ಸಮಾವೇಶ ಆಗುತ್ತಿತ್ತು. ಆ ವರ್ಷ ಕಲ್ಯಾಣ ಮಂಟಪದವರು, "ಉಂಡವರಿಗೆ ಕೈ ತೊಳಿಲಾಕ ನೀರಿಲ್ಲರಿ" ಎಂದು ಕೈ ಮುಗಿದರು. ಇನ್ನು ಉಣ್ಣಲು ಬರುವ ಮಂದಿಯಾದರೂ ಎಲ್ಲಿದ್ದರು? ಭಾಲ್ಕಿ, ಔರಾದ ಕಡೆಯ ಹಳ್ಳಿಗಳಿಂದ ಅರ್ಧಕ್ಕರ್ಧ ಜನ ಕೆಲಸ ಹುಡುಕಿಕೊಂಡು ಹೈದ್ರಾಬಾದು, ಪುಣೆ ಸೇರಿದ್ದರು. ಸಮಾಜದ ಅಧ್ಯಕ್ಷರು ಭಾಲ್ಕಿಯ ನಿವೃತ್ತ ಹೆಡ್‌ಮಾಸ್ತರರು, ಸೋಲುವ ಪೈಕಿಯವರಲ್ಲ. ಮಂದಿ ಬರದಿದ್ದರೆ ಪುಸ್ತಕವೇ ಅವರ ಫೋನಿಗೆ ಹೋಗಲಿ ಎಂದು ತೀರ್ಮಾನಿಸಿ ನನ್ನ ಅಂಗಡಿಗೆ ಬಂದರು.

"ತಂಗಿ, ಮೊದಲಿಗೆ ಎಲ್ಲರ ಹೆಸರಿನ ಪಟ್ಟಿ ಇರಬೇಕು. ಹೆಸರು ಮುಟ್ಟಿದ್ರ ಹುಡುಗಿ ಬರಬೇಕು."

"ಹುಡುಗಿ ಬರಂಗಿಲ್ಲರಿ ಸರ. ಹುಡುಗಿ ಮಾಹಿತಿ ಬರ್ತದ."

"ಅದೇ ತಂಗಿ. ಮೊದಲು ಮಾಹಿತಿ ಬರಲಿ. ಹುಡುಗಿನ್ನ ಆಮ್ಯಾಲ ನೋಡೋಣ."

ಆ ಪುಸ್ತಕದಲ್ಲಿ ನಮ್ಮ ನಾದಿನಿಯ ಹೆಸರೂ ಇತ್ತು. ಆಕೆ ಭಾಲ್ಕಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ನೋಡಲು ಬಂದವರೆಲ್ಲ ಚಹಾ ಕುಡಿಯುತ್ತಾ "ಲಗ್ನ ಆದ ಮ್ಯಾಲ ನೌಕರಿ ಬ್ಯಾಡ" ಅನ್ನುವುದು, ಈಕೆ ಅವರು ಕುಡಿದು ಮುಗಿಸುವ ಮೊದಲೇ ಕಪ್ಪು ಎತ್ತಿಕೊಂಡು ಒಳಗೆ ಹೋಗುವುದು. ಹೀಗೇ ವರ್ಷಗಳು ಹೋಗಿದ್ದವು. ಅಂಗಡಿಯ ಹಿಂದೆಯೇ ನಮ್ಮ ಮನೆ. ಅಧ್ಯಕ್ಷರ ಮಾತೆಲ್ಲ ಒಳಗಿಂದಲೇ ಕೇಳಿಸಿಕೊಂಡ ಅತ್ತೆ, ಅವರು ಅತ್ತ ಹೋದದ್ದೇ ಹೊರಗೆ ಬಂದು ನನ್ನ ಕಂಪ್ಯೂಟರಿನ ಕಡೆ ಬೆರಳು ತೋರಿಸಿದರು.

"ನೋಡವ್ವ, ಇಡೀ ಸಮಾಜದ ಜೋಡಿ ನಿನ್ನ ಡಬ್ಬಿಯಾಗ ಕೂಡ್ತಾವ. ಅದರಾಗ ನಮ್ಮ ಹುಡುಗಿದು ಕೂಡಲಿಲ್ಲಂದ್ರ ಆ ಡಬ್ಬಿ ತಗದು ಹಿಟ್ಟಿನ ಗಿರಣಿ ಹಚ್ತೇನಿ."

ಅತ್ತೆ ತಮಾಷೆಗೆ ಬೆದರಿಸುವ ಹೆಂಗಸಲ್ಲ. ನಾನು ಅಂದೇ ಕೆಲಸ ಶುರು ಮಾಡಿದೆ.

ಕೆಂಪು ಚೌಕ

ನಾನು ಪುಟ ಕಟ್ಟುವ ಸಾಫ್ಟ್‌ವೇರಿನ ಗುಣ ಸ್ವಲ್ಪ ಹೇಳಬೇಕು. ಅದರಲ್ಲಿ ಮೌಸಿನಿಂದ ಎಳೆದು ಕೂಡಿಸುವುದಿಲ್ಲ. ಇಂಥದ್ದು ಇಲ್ಲಿರಲಿ, ಇಷ್ಟು ದೊಡ್ಡದಿರಲಿ ಎಂದು ಬರೆದು ಅಪ್ಪಣೆ ಕೊಟ್ಟರೆ ಪುಟವನ್ನು ತಾನೇ ಕಟ್ಟಿಕೊಡುತ್ತದೆ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತದೆ. ಹೇಳದೆ ಬಿಟ್ಟದ್ದನ್ನು ಮಾತ್ರ ತನಗೆ ತಿಳಿದಂತೆ ಮಾಡಿಬಿಡುತ್ತದೆ, ಥೇಟ್ ನಮ್ಮ ಯಜಮಾನರಂತೆ. ಪಟ್ಟಿಯಲ್ಲಿರುವ ಹೆಸರುಗಳಿಗೆಲ್ಲ ಲಿಂಕ್ ಹಾಕು ಎಂದೆ. ಲಿಂಕ್ ಹೇಗೆ ಕಾಣಬೇಕೆಂದು ನಾನು ಹೇಳಲಿಲ್ಲ. ಅದು ಇಲ್ಲಿ ಮುಟ್ಟಿ ಎಂದು ತೋರಿಸಲು ಪ್ರತಿ ಹೆಸರಿನ ಸುತ್ತ ಕೆಂಪು ಚೌಕ ಎಳೆದಿಟ್ಟಿತು. ನೋಡಲು ಅಚ್ಚುಕಟ್ಟಾಗಿಯೇ ಇತ್ತು. ಅಧ್ಯಕ್ಷರು ಅದನ್ನು ಎಲ್ಲ ಗ್ರೂಪುಗಳಿಗೂ ಕಳಿಸಿದರು.

ಮರುದಿನ ಅವರು ಭಾಲ್ಕಿ ಬಸ್‌ಸ್ಟ್ಯಾಂಡಿಗೆ ಹೋದರೆ ಒಬ್ಬ ಬಂದು ಕಾಲು ಮುಟ್ಟಿದನಂತೆ. ಇನ್ನೊಬ್ಬ, "ಸರ, ನೀವು ಮನುಷ್ಯರಲ್ಲ, ದೇವರು" ಅಂದನಂತೆ. ಮೂರನೆಯವನು ಪೇಢೆ ತಿನ್ನಿಸಿದ. ತಮಗೆ ಇಷ್ಟು ಮರ್ಯಾದೆ ಯಾಕೆಂದು ತಿಳಿಯದೆ ಅಧ್ಯಕ್ಷರು ಪೇಢೆ ತಿನ್ನುತ್ತಲೇ ನನಗೆ ಫೋನ್ ಹಚ್ಚಿದರು.

ಸಂಗತಿ ಏನೆಂದರೆ, ಕಾಗದದ ಪುಸ್ತಕ ಇದ್ದ ಕಾಲದಲ್ಲಿ ಅಧ್ಯಕ್ಷರೇ ಮಾಡಿದ ಒಂದು ಪದ್ಧತಿ ಇತ್ತು. ಯಾರದಾದರೂ ಲಗ್ನ ಗೊತ್ತಾದರೆ ತಮ್ಮ ಪ್ರತಿಯಲ್ಲಿ ಆ ಹೆಸರಿನ ಸುತ್ತ ಕೆಂಪು ಪೆನ್ನಿನಿಂದ ಚೌಕ ಎಳೆಯುತ್ತಿದ್ದರು. ಆ ಪುಸ್ತಕ ಅವರ ಕಂಕುಳಲ್ಲೇ ಇರುತ್ತಿತ್ತು. ಜನ ತಡೆದು ನಿಲ್ಲಿಸಿ ನೋಡುತ್ತಿದ್ದರು. ಚೌಕ ಬಿದ್ದಿದೆ ಎಂದರೆ ಆ ಮನೆಗೆ ಇನ್ನು ಸಂಬಂಧ ಕೇಳಲು ಹೋಗಬೇಕಾಗಿಲ್ಲ ಎಂದರ್ಥ. ಈಗ ಪುಸ್ತಕ ತೆರೆದರೆ ಒಬ್ಬರನ್ನೂ ಬಿಡದಂತೆ ಎಲ್ಲರ ಹೆಸರಿಗೂ ಚೌಕ! ನೀರಿಲ್ಲದ ವರ್ಷದಲ್ಲಿ, ಸಮಾವೇಶವನ್ನೂ ಮಾಡದೆ, ಇಡೀ ಸಮಾಜದ ಲಗ್ನವನ್ನು ಒಂದೇ ಏಟಿಗೆ ಜೋಡಿಸಿದ ಮಹಾನುಭಾವರು ನಮ್ಮ ಅಧ್ಯಕ್ಷರು.

"ಈಗಿಂದೀಗ ಚೌಕ ತಗದು ಕಳಸ್ತೇನಿ ಸರ" ಅಂದೆ.

"ತೆಗಿ ತಂಗಿ, ತೆಗಿ. ಆದ್ರ ಇವತ್ತ ಬ್ಯಾಡ, ನಾಳಿ ತೆಗಿ. ಸಂಜಿಗೆ ನನಗ ಸನ್ಮಾನ ಇಟ್ಟಾರ."

ಸನ್ಮಾನ ಆಯಿತೋ ಇಲ್ಲವೋ ಗೊತ್ತಿಲ್ಲ. ನನಗಂತೂ ಅದೇ ಮಧ್ಯಾಹ್ನ ಹೈದ್ರಾಬಾದಿನಿಂದ ಒಬ್ಬ ತಂದೆಯ ಫೋನು. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಸಂಕೋಚ.

"ಅವ್ವಾ, ನಮ್ಮ ಹುಡುಗಿದು ಗೊತ್ತು ಮಾಡೀರಿ, ಭಾಳ ಉಪಕಾರ ಆಯ್ತು. ಹುಡುಗ ಯಾರು, ಲಗ್ನ ಯಾವಾಗ ಅಂತ ಜರಾ ಹೇಳಿದ್ರ ನಾವೂ ಬರ್ತಿದ್ದೆವು."

ಅರಿಶಿನ

ಚೌಕ ತೆಗೆದ ಮೇಲೆ, ಹೆಸರು ಮುಟ್ಟಬೇಕೆಂದು ಜನಕ್ಕೆ ತಿಳಿಯಬೇಕಾದರೆ ಅಕ್ಷರಕ್ಕೆ ಒಂದು ಬಣ್ಣವಾದರೂ ಬೇಕಲ್ಲ. ಯಾವ ಬಣ್ಣ ಎಂದು ನಾನೇ ತೀರ್ಮಾನಿಸಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಬುದ್ಧಿಗೇಡಿ, ಕಮಿಟಿಯನ್ನು ಕೇಳಿದೆ.

ಕಮಿಟಿ ನನ್ನ ಅಂಗಡಿಯಲ್ಲೇ ಸೇರಿತು. ನೀಲಿ ಅಂದೆ. "ಅದು ಅವರ ಬಣ್ಣ" ಎಂದು ಒಬ್ಬರು ಎದ್ದು ನಿಂತರು. ಹಸಿರು ಅಂದೆ. "ಅದು ಇವರ ಬಣ್ಣ" ಎಂದು ಇನ್ನೊಬ್ಬರು. ಕೇಸರಿ ಎಂದು ಬಾಯಿ ತೆರೆಯುವ ಮೊದಲೇ ಇಬ್ಬರೂ ನನ್ನ ಕಡೆ ನೋಡಿದರು. ಇಷ್ಟರಲ್ಲಿ ಓಣಿಯ ತುದಿಯಲ್ಲಿ ಟ್ಯಾಂಕರ್ ಹಾರ್ನ್ ಕೇಳಿಸಿತು. ಕಮಿಟಿಯ ಸಭೆಗಿಂತ ಟ್ಯಾಂಕರ್ ದೊಡ್ಡದು. ಎಲ್ಲರೂ ನಮ್ಮ ಮನೆಯ ಕೊಡಗಳನ್ನು ಒಂದೊಂದು ಎತ್ತಿಕೊಂಡು ಓಡಿ, ಅತ್ತೆಯ ಸಾಲಿನಲ್ಲಿ ನಿಂತು ನೀರು ಹಿಡಿದುಕೊಟ್ಟರು. ಹಾಗೆ ಒದ್ದೆಯಾಗಿ ಬಂದವರಿಗೆ ಅತ್ತೆಯ ಮಾತು ತೆಗೆದುಹಾಕುವ ಶಕ್ತಿ ಉಳಿದಿರಲಿಲ್ಲ.

"ಲಗ್ನದ ಕೆಲಸಕ್ಕ ಯಾವ ಬಣ್ಣ ಅಂತ ಕೇಳಬೇಕೇನ್ರಿ? ಅರಿಶಿಣ ಹಚ್ಚು" ಅಂದರು ಅತ್ತೆ. ಒಮ್ಮತದಿಂದ ಅಂಗೀಕಾರ.

ಬಿಳಿ ಪುಟದ ಮೇಲೆ ಅರಿಶಿನದ ಅಕ್ಷರ ನೆರಳಿನಲ್ಲೇ ಸರಿಯಾಗಿ ಕಾಣುವುದಿಲ್ಲ. ಇನ್ನು ಬಿಸಿಲಲ್ಲಿ ಕೇಳುವುದೇ ಬೇಡ. ನಮ್ಮ ಓದುಗರೆಲ್ಲ ಇದ್ದದ್ದು ಬಿಸಿಲಲ್ಲೇ. ಹೈದ್ರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ ಖಟಕ ಚಿಂಚೋಳಿಯ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. ಮಗನಿಗೆ ಹೆಣ್ಣು ನೋಡುತ್ತಿದ್ದಳು.

"ಅಕ್ಕಾ, ಪುಸ್ತಕದಾಗ ಒಬ್ಬರ ಹೆಸರೂ ಇಲ್ಲಲ್ಲ! ಬರೇ ಬಿಳಿ ಹಾಳಿ ಕಳಿಸೀರೇನು?"

"ಹೆಸರು ಅವ, ಬಿಸಲಿಗೆ ಕಾಣ್ಲಾಕತ್ತಿಲ್ಲ. ಸೆರಗು ಮುಸುಕು ಹಾಕ್ಕೊಂಡು ನೋಡವ್ವ."

ನೋಡಿದಳು. ಇಟ್ಟಿಗೆಯ ರಾಶಿಯ ಪಕ್ಕದಲ್ಲಿ ಕೂತು, ತಲೆ ತುಂಬ ಸೆರಗು ಹೊದ್ದು, ಒಳಗೆ ಫೋನ್ ಹಿಡಿದು ಒಂದೊಂದೇ ಹೆಸರು ಓದಿದಳು. ನಾನು ಆ ರಾತ್ರಿಯೇ ಬಣ್ಣ ಬದಲಿಸಿದೆ. ಅತ್ತೆ ಅಡುಗೆಮನೆಯಲ್ಲಿ ಬದನೆಕಾಯಿ ಹೆಚ್ಚುತ್ತಿದ್ದರು, ಅದೇ ಬಣ್ಣ ಹಾಕಿದೆ. ಅಚ್ಚ ಬದನೆಕಾಯಿ. ಬಿಸಿಲಲ್ಲೂ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಕಮಿಟಿಯವರು ಅನುಮಾನದಿಂದ, "ಇದು ಯಾರ ಬಣ್ಣ?" ಎಂದು ಕೇಳಿದರು. "ಯಾರದೂ ಅಲ್ಲರಿ, ಪಲ್ಯಾದ್ದು" ಎಂದೆ. ಸುಮ್ಮನಾದರು.

ಸುಮ್ಮನಾಗದವಳು ಆ ಹೆಣ್ಣುಮಗಳೊಬ್ಬಳೇ. ಮತ್ತೆ ಫೋನ್ ಬಂತು.

"ಈಗ ಹೆಸರು ಛಲೋ ಕಾಣ್ತಾವ ಅಕ್ಕಾ. ಆದ್ರ ಮೊದಲಿನ ಬಣ್ಣನೇ ಹಾಕ್ರಿ."

"ಯಾಕವ್ವ?"

"ಅವತ್ತು ಸೆರಗಿನಾಗ ತಲಿ ಹಾಕಿ ನೋಡ್ಲಾಕತ್ತಿದ್ದೆ. ನಮ್ಮ ಮೇಸ್ತ್ರಿ ನಾ ಅಳಲಾಕತ್ತೀನಿ ಅಂತ ತಿಳದು ಅರ್ಧಾ ದಿವಸ ಸೂಟಿ ಕೊಟ್ಟ. ಹುಡುಗೇರ ಪಟ್ಟಿ ಮುಗೀತು, ಇನ್ನಾ ಹುಡುಗರ ಪಟ್ಟಿ ನೋಡೋದು ಬಾಕಿ ಅದ."

ಬೆರಳು

ಅಧ್ಯಕ್ಷರಿಗೆ ಹೆಸರು ಮುಟ್ಟಿದರೆ ಮಾಹಿತಿ ಬರುವುದು ಬಹಳ ಹಿಡಿಸಿತು. ನಂಬರ್ ಮುಟ್ಟಿದರೆ ಫೋನೂ ಹೋಗಬೇಕು ಎಂದರು. ಅದೇನು ದೊಡ್ಡ ಮಾತಲ್ಲ. ಪ್ರತಿ ಫೋಟೋದ ಕೆಳಗೆ, ಅಂಟಿಕೊಂಡಂತೆ, ತಂದೆಯ ನಂಬರ್ ಇಟ್ಟು ಲಿಂಕ್ ಹಾಕಿದೆ.

ಔರಾದದಲ್ಲಿ ಒಬ್ಬ ಕಿರಾಣಿ ಅಂಗಡಿಯವರಿದ್ದರು. ಅವರ ಮಗಳ ಮಾಹಿತಿ ಹೋದದ್ದೇ ತಡ, ಫೋನು ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಬೆಲ್ಲ ತೂಗುವಾಗ ಫೋನು, ತಕ್ಕಡಿ ಒರೆಸುವಾಗ ಫೋನು. ಒಂದೇ ವಾರದಲ್ಲಿ ಅವರ ನಡಿಗೆಯೇ ಬದಲಾಯಿತಂತೆ. ಗಿರಾಕಿಗೆ ಸಕ್ಕರೆ ಕಟ್ಟಿಕೊಡುತ್ತಲೇ, "ಪುಣೆ ಹುಡುಗ ನಮಗ ಬ್ಯಾಡರಿ, ದೂರ ಆಗ್ತದ. ಹೈದ್ರಾಬಾದದವ ಇದ್ರ ವಿಚಾರ ಮಾಡ್ತೇವಿ, ಅದೂ ಸ್ವಂತ ಮನಿ ಇದ್ರ" ಎಂದು ಫೋನಿನಲ್ಲಿ ಹೇಳುವುದು. ಆ ಕಡೆಯವರು ಹೆಚ್ಚು ಮಾತಾಡುತ್ತಿರಲಿಲ್ಲ. "ಇಲ್ಲರಿ, ನಾವು ಹಚ್ಚಿಲ್ಲ, ತಾನೇ ಹತ್ತ್ಯಾದ" ಅನ್ನುತ್ತಿದ್ದರು. ಇವರು ಅದನ್ನು ನಾಚಿಕೆ ಎಂದು ತಿಳಿದರು. ಒಳ್ಳೆಯ ಮನೆತನದ ಹುಡುಗರು, ಸಂಕೋಚ ಜಾಸ್ತಿ ಎಂದು ಹೆಂಡತಿಯ ಮುಂದೆ ಹೊಗಳಿದರು.

ಆ ಹುಡುಗರು ಹೇಳಿದ್ದು ನಿಜವೇ ಆಗಿತ್ತು. ಫೋಟೋ ದೊಡ್ಡದು ಮಾಡಿ ನೋಡಲು ಎರಡು ಬೆರಳಿಟ್ಟು ಅಗಲಿಸಿದರೆ ಕೆಳಗಿನ ಬೆರಳು ಸೀದಾ ನಂಬರಿನ ಮೇಲೆ ಬೀಳುತ್ತಿತ್ತು. ಹುಡುಗಿಯ ಕಣ್ಣು ನೋಡಲು ಹೋದವರಿಗೆಲ್ಲ ಹುಡುಗಿಯ ಅಪ್ಪನ ದನಿ ಕೇಳುತ್ತಿತ್ತು. ಪುಣೆಯ ಹುಡುಗರಿಬ್ಬರು ನನಗೇ ಫೋನ್ ಮಾಡಿ ಗೋಳಾಡಿದ ಮೇಲೆ ಗೊತ್ತಾಯಿತು. ನಂಬರುಗಳನ್ನೆಲ್ಲ ಫೋಟೋದಿಂದ ದೂರ, ಮಾಹಿತಿಯ ಕೆಳಗೆ ಸರಿಸಿದೆ.

ಔರಾದದ ಫೋನು ತಣ್ಣಗಾಯಿತು. ಮೂರು ದಿನ ಕಾದು ಅವರು ನನಗೆ ಫೋನ್ ಮಾಡಿದರು.

"ತಂಗಿ, ನನ್ನ ಫೋನ್ ಕೆಟ್ಟದೇನು ನೋಡು. ಜರಾ ಒಮ್ಮೆ ನೀ ಹಚ್ಚು."

"ಈಗ ಮಾತಾಡ್ಲಾಕತ್ತೀರಲ್ಲರಿ ಕಾಕಾ, ಫೋನ್ ಛಲೋ ಅದ."

"ಹಂಗಾದ್ರ ನನ್ನ ಮಗಳಿಗೆ ಯಾರದೋ ದೃಷ್ಟಿ ಆಗ್ಯಾದ."

ಕೊನೆಗೆ ನಿಜ ಹೇಳಲೇಬೇಕಾಯಿತು. ಬೆರಳು, ಫೋಟೋ, ನಂಬರ್ ಎಲ್ಲ ವಿವರಿಸಿದೆ. ಆ ಕಡೆಯಿಂದ ತಕ್ಕಡಿ ಕೆಳಗಿಟ್ಟ ಸದ್ದು ಬಂತು. ನನಗೇ ಅಯ್ಯೋ ಅನ್ನಿಸಿತು. ಆಮೇಲೆ ಗಂಟಲು ಸರಿ ಮಾಡಿಕೊಂಡರು.

"ನಮ್ಮದೊಂದು ಮೊದಲಿನಂಗೇ ಮಾಡಿಬಿಡು ತಂಗಿ. ಬೆರಳು ತಪ್ಪಿ ಬಂದ್ರೂ ಬರಲಿ, ಬಂದವನ್ನ ಬಿಡದಂಗ ಮಾತಾಡಿಸೋದು ನನ್ನ ಜವಾಬ್ದಾರಿ."

ಬರಗಾಲದ ಉಳಿತಾಯ

ಅಷ್ಟರವರೆಗೆ ಒಬ್ಬೊಬ್ಬರಿಗೆ ಒಂದೊಂದು ಪುಟ ಇತ್ತು. ಮೇಲೆ ಫೋಟೋ, ಕೆಳಗೆ ಹೆಸರು, ಮಾಹಿತಿ, ಉಳಿದದ್ದು ಖಾಲಿ. ಆ ಖಾಲಿ ಜಾಗ ಅಧ್ಯಕ್ಷರ ಕಣ್ಣಿಗೆ ಬಿತ್ತು.

"ಇಷ್ಟು ಜಾಗ ಯಾಕ ದಂಡ ಮಾಡೀದಿ ತಂಗಿ? ಒಬ್ಬರ ಕೆಳಗ ಒಬ್ಬರನ್ನ ಹಚ್ಚು."

"ಸರ, ಇದು ಫೋನಿನಾಗ ನೋಡೋದು. ಕಾಗದ ಎಲ್ಲಿ ಖರ್ಚಾಗ್ತದರಿ?"

"ಕಾಗದ ಇಲ್ಲ, ಖರೇ. ಆದ್ರ ಇಡೀ ಜಿಲ್ಲಾ ಒಂದು ತಂಬಿಗಿ ನೀರಾಗ ಮಾರಿ ತೊಳಿಲಾಕತ್ತದ. ನಾವು ಅರ್ಧರ್ಧ ಪುಟ ಖಾಲಿ ಬಿಟ್ರ ಮಂದಿ ಏನಂತಾರ?"

ಎಲ್ಲರನ್ನೂ ಒತ್ತಟ್ಟಿಗೆ ಜೋಡಿಸಿದೆ. ಹುಡುಗಿಯರ ಭಾಗ ಮುಗಿದ ಮೇಲೆ ಹುಡುಗರ ಭಾಗಕ್ಕಾದರೂ ಹೊಸ ಪುಟ ಇರಲಿ ಎಂದೆ. ಅದೂ ದಂಡ ಎಂದರು. ನಡುವೆ ಸಣ್ಣ ಗೆರೆ ಎಳೆದೆ. ಅದನ್ನೂ ಹುಬ್ಬು ಗಂಟಿಕ್ಕಿ ನೋಡಿ, "ಇರಲಿ ಬಿಡು, ಗೆರಿಗೆ ನೀರು ಬೇಕಾಗಂಗಿಲ್ಲ" ಎಂದು ಒಪ್ಪಿದರು.

ಕಟ್ಟಕಡೆಯ ಹುಡುಗಿ

ಹೀಗೆ ಒತ್ತಾಗಿ ಜೋಡಿಸಿದ ಪುಸ್ತಕ ಹೋದ ಮೇಲೆ ಎಲ್ಲರ ಮನೆಯಲ್ಲೂ ಮಾತುಕತೆ ಶುರುವಾಯಿತು. ನಮ್ಮ ಮನೆಗೆ ಮಾತ್ರ ಒಂದು ಫೋನೂ ಇಲ್ಲ. ಅತ್ತೆಗೆ ಕಾರಣ ಗೊತ್ತಿತ್ತು. ಎಲ್ಲ ಹುಡುಗಿಯರ ಮಾಹಿತಿಯಲ್ಲೂ "ಸಾಧು ಸ್ವಭಾವ, ಗೃಹಕೃತ್ಯದಲ್ಲಿ ನಿಪುಣೆ" ಎಂದಿತ್ತು. ನಾದಿನಿ ಮಾತ್ರ ನನ್ನ ಪಕ್ಕ ಕೂತು, "ವೈನಿ, ನನ್ನದು ಖರೇ ಹಾಕು" ಎಂದು ತಾನೇ ಹೇಳಿ ಬರೆಸಿದ್ದಳು: ಭಾಲ್ಕಿಯಲ್ಲಿ ನರ್ಸ್, ನೌಕರಿ ಬಿಡುವುದಿಲ್ಲ. ಅಡುಗೆ ಸಾಧಾರಣ. ಸಿಟ್ಟು ಬರುತ್ತದೆ, ಬೇಗ ಇಳಿಯುತ್ತದೆ.

"ಬರ್ತದ, ಇಳೀತದ ಅಂತ ಬರಿಲಾಕ ಇದೇನು ಜ್ವರ ಏನು?" ಎಂದು ಅತ್ತೆ ದಿನಾ ನನ್ನನ್ನು ಬೈಯುತ್ತಿದ್ದರು. ಬೈದು ಮುಗಿಸಿ, ಗಿರಣಿ ಇಡಲು ಜಾಗ ಸಾಲುತ್ತದೆಯೇ ಎಂದು ಅಂಗಡಿಯನ್ನು ಗೇಣಿನಿಂದ ಅಳೆಯುತ್ತಿದ್ದರು.

ನಾದಿನಿ ನಗುತ್ತಲೇ ಇದ್ದಳು. ಆದರೆ ಒಂದು ಭಾನುವಾರ ರಜೆಗೆ ಬಂದವಳು ಹುರಿದ ಶೇಂಗಾದ ತಾಟು ಹಿಡಿದು ಅಂಗಡಿಯಲ್ಲಿ ಕೂತು, ಮೆಲ್ಲಗೆ ಕೇಳಿದಳು. "ವೈನಿ, ಒಬ್ಬರೂ ಕೇಳಿಲ್ಲೇನು? ಖರೇ ಹೇಳಿದ್ರ ಯಾರಿಗೂ ಬ್ಯಾಡೇನು?"

ಉತ್ತರ ಹೇಳುವಷ್ಟು ಹೊತ್ತೂ ನನಗೆ ಸಿಗಲಿಲ್ಲ, ಬಾಗಿಲಲ್ಲಿ ಒಬ್ಬ ಬಂದು ನಿಂತಿದ್ದ. ಎತ್ತರದ ಆಳು, ಹೆಗಲಿಗೆ ಚೀಲ, ಮುಖದ ತುಂಬ ಮೀಸೆ.

"ವಧು-ವರರ ಪುಸ್ತಕ ಮಾಡಿದವರು ಯಾರ್ರಿ?"

ನನಗಿಂತ ಮೊದಲೇ ನಾದಿನಿ, "ಯಾಕ್ರಿ, ಏನಾಗ್ಯಾದ?" ಅಂದಳು.

"ಏನಾಗ್ಯಾದ ಅಂತೀರಿ? ನಾ ಸಂತಪುರ ಕಡೆಯವ. ಹೈದ್ರಾಬಾದದಾಗ ಲಿಫ್ಟ್ ರಿಪೇರಿ ಮಾಡ್ತೇನಿ. ಮ್ಯಾಲ ಹೋದ್ರ ಮುಬಾರಕ್, ಕೆಳಗ ಬಂದ್ರ ಮುಬಾರಕ್! ಊರ ಮಂದಿ ಎಲ್ಲಾ ಲಗ್ನ ಯಾವಾಗ ಅಂತ ಕೇಳ್ಲಾಕತ್ತಾರ. ನನಗ ಹೇಳದೇ ಗೊತ್ತು ಮಾಡಿಕೊಂಡಿ ಅಂತ ನಮ್ಮವ್ವ ಮಾತು ಬಿಟ್ಟಾಳ."

"ಯಾರ ಸಂಗಟ ಲಗ್ನ?" ಅಂದಳು ನಾದಿನಿ.

"ಅದು ನನಗೂ ಗೊತ್ತಿಲ್ಲರಿ!"

ಫೋನನ್ನು ಮೇಜಿನ ಮೇಲಿಟ್ಟು ಒಂದು ಹೆಸರು ಮುಟ್ಟಿದ. ಅದು ನಮ್ಮ ನಾದಿನಿಯ ಹೆಸರು. ಪರದೆಯ ಮೇಲೆ ಅವಳ ಹೆಸರು ಬಂತು, ಅವಳು ಬರೆಸಿದ ಮಾತು ಬಂತು, ಅದರ ಕೆಳಗೆ ಅಷ್ಟಗಲ ಮೀಸೆ ಬಂತು. ಎದುರಿಗೆ ನಿಂತವನದೇ.

ನನಗೆ ಒಮ್ಮೆಲೇ ಎಲ್ಲ ಅರ್ಥವಾಯಿತು. ಲಿಂಕ್ ಮುಟ್ಟಿದರೆ ಪುಟದಲ್ಲಿ ಎಲ್ಲಿಗೆ ಹೋಗಿ ಇಳಿಯಬೇಕೆಂದೂ ಆ ಸಾಫ್ಟ್‌ವೇರಿಗೆ ಹೇಳಬೇಕು. ಹೆಸರು ಬರೆದಲ್ಲಿ ಇಳಿ ಎಂದು ನಾನು ಹೇಳಿದ್ದೆ. ಹೆಸರು ಇರುವುದು ಫೋಟೋದ ಕೆಳಗೆ. ಹಾಗಾಗಿ ಅವರವರ ಫೋಟೋ ಮೇಲೆ ಕಾಣದಂತೆ ಉಳಿದು, ಕೆಳಗೆ ಮುಂದಿನವರ ಫೋಟೋ ಕಾಣುತ್ತಿತ್ತು. ಒಬ್ಬರಿಗೊಂದು ಪುಟ ಇದ್ದಾಗ ಇದು ಬಾಧಿಸಿರಲಿಲ್ಲ, ನನ್ನ ದೊಡ್ಡ ಪರದೆಯಲ್ಲೂ ಗೊತ್ತಾಗಿರಲಿಲ್ಲ. ಬೇರೆ ಹುಡುಗಿಯರ ಹೆಸರಿಗೆ ಪಕ್ಕದ ಹುಡುಗಿ ಬಂದರೆ ಹೊರಗಿನವರಿಗೆ ತಿಳಿಯುವುದಾದರೂ ಹೇಗೆ? ಪುಸ್ತಕ ಅಕಾರಾದಿಯಲ್ಲಿತ್ತು. ನಾದಿನಿಯ ಹೆಸರು ಹಕಾರದ್ದು, ಹುಡುಗಿಯರಲ್ಲಿ ಕಟ್ಟಕಡೆಯವಳು. ಈತನ ಹೆಸರು ಅಕಾರದ್ದು, ಹುಡುಗರಲ್ಲಿ ಮೊಟ್ಟಮೊದಲನೆಯವ. ನಡುವೆ ಅಧ್ಯಕ್ಷರು ದಯೆಯಿಟ್ಟು ಬಿಟ್ಟ ಸಣ್ಣ ಗೆರೆ. ಅವಳ ಹೆಸರು ಮುಟ್ಟಿದವರೆಲ್ಲ ಕೆಳಗಿನ ಮೀಸೆ ನೋಡಿ, ಗಂಡ ಗೊತ್ತಾಗಿದ್ದಾನೆ ಎಂದು ಮುಂದೆ ಹೋಗಿದ್ದರು.

ನಾನು ಬಾಯಿ ತೆರೆದೆ. ನಾದಿನಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಸುಮ್ಮನಿರು ಎಂದರ್ಥ. ಪಾಪ, ಅವನಿಗೆ ಎದುರಿಗೆ ಕೂತವಳು ಯಾರೆಂದು ಗೊತ್ತಿಲ್ಲ. ಅವಳ ಫೋಟೋವನ್ನು ಅವನು ನೋಡಿಯೇ ಇರಲಿಲ್ಲ.

"ನಿಮಗೇನು ನುಕಸಾನ ಆಯ್ತು?" ಅಂದಳು. "ಪುಕಟ ಮುಬಾರಕ್ ಸಿಕ್ಕಾವ, ಇಟ್ಟುಕೋರಿ."

"ನನಗೇನಿಲ್ಲರಿ, ಆ ಹುಡುಗಿಗೆ ನುಕಸಾನ. ಯಾರು ಆಕಿ ಹೆಸರು ಮುಟ್ಟಿದ್ರೂ ನಾ ಅಡ್ಡ ನಿಂತಿರ್ತೇನಿ. ಆಕಿಗೆ ಒಂದ ಸಂಬಂಧನೂ ಬಂದಿರಲಿಕ್ಕಿಲ್ಲ. ಯಾರ ಮನಿ ಹುಡುಗಿನೋ ಏನೋ, ನನಗ ನಿದ್ದಿ ಹತ್ಲಾಕತ್ತಿಲ್ಲ. ಊರಿಗೆ ಹೊಂಟವ ನಡುವ ಬಸ್ ಇಳದು ಬಂದೀನಿ. ಮೊದಲು ನನ್ನ ಮೀಸಿ ಅಲ್ಲಿಂದ ತೆಗೀರಿ."

ನಾದಿನಿಯ ಕೈಯಲ್ಲಿದ್ದ ಶೇಂಗಾ ಅಲ್ಲೇ ಉಳಿಯಿತು. ದನಿ ಸ್ವಲ್ಪ ಇಳಿಯಿತು.

"ಆಕಿ ಬಗ್ಗಿ ಇಷ್ಟು ಚಿಂತಿ ಮಾಡ್ತೀರಿ. ಆಕಿ ಬರೆಸಿದ್ದು ಓದೀರೇನು?"

"ಓದೀನಿ. ಪುಸ್ತಕ ತುಂಬ ಎಲ್ಲಾರೂ ಸಾಧು ಸ್ವಭಾವದವರೇ. ನಾನೂ ಹಂಗೇ ಬರೆಸೀನಿ, ಅದು ಖರೇ ಅಲ್ಲ. ಸಿಟ್ಟು ಬರ್ತದ ಅಂತ ಹೇಳೋ ಧೈರ್ಯ ಈಕಿ ಒಬ್ಬಾಕಿಗೇ ಇದ್ದದ್ದು."

"ಅಡಗಿ ಸಾಧಾರಣ ಅಂತನೂ ಅದ."

"ನಾ ಛಲೋ ಮಾಡ್ತೇನಿ. ರೂಮಿನಾಗ ಎಲ್ಲಾರಿಗೂ ನಂದೇ ಅಡಗಿ."

"ನೌಕರಿ ಬಿಡಂಗಿಲ್ಲಂತ."

"ಯಾಕ ಬಿಡಬೇಕು? ನಾ ಬೇಕಾದ್ರ ಇತ್ತಾಗ ಬರ್ತೇನಿ. ಲಿಫ್ಟ್ ಈಗ ಬೀದರಿನಾಗೂ ಬಂದಾವ, ಅವೂ ಕೆಡ್ತಾವ. ನಾ ಏನಂತೀನಿ, ಈಕಿ ಭಾಲ್ಕಿಗೆ ಬಸ್ಸಿಗೆ ಹೋಗಿ ಬರ್ಲಿಕ್ಕ..." ಎನ್ನುತ್ತಾ ತಾನು ಎಲ್ಲಿಗೆ ಬಂದು ಮುಟ್ಟಿದ್ದೇನೆ ಎಂದು ಅವನಿಗೇ ತಿಳಿಯಿತು. ಕಿವಿ ಕೆಂಪಾದವು. "ಅಂದ್ರ... ಯಾರು ಮಾಡಿಕೊಂಡ್ರೂ ಅವರಿಗೆ ಛಲೋ ಅಂತ ಹೇಳ್ದೆ."

"ಪುಟ ಜರಾ ಕೆಳಗ ಎಳೀರಿ" ಅಂದಳು ನಾದಿನಿ.

ಎಳೆದ. ಮೀಸೆ ಪರದೆಯ ಕೆಳಗೆ ಹೋಯಿತು.

"ಇನ್ನೂ ಜರಾ."

ಮೇಲಿನಿಂದ ಅವಳ ಫೋಟೋ ಬಂತು. ಅವನು ಫೋನ್ ನೋಡಿದ. ತಲೆಯೆತ್ತಿ ಅವಳನ್ನು ನೋಡಿದ. ಮತ್ತೆ ಫೋನ್ ನೋಡಿದ. ಅಷ್ಟು ಎತ್ತರದ ಆಳು ನನ್ನ ಸ್ಟೂಲಿನ ಮೇಲೆ ಮೆಲ್ಲಗೆ ಕೂತ.

"ಫೋಟೋದಾಗ ಮಾರಿ ಜರಾ ಗಂಟು ಹಾಕಿದಂಗದ" ಅಂದ ಕೊನೆಗೆ.

"ಸಿಟ್ಟು ಬಂದಿತ್ತು."

"ಇಳೀತೇನು?"

"ಇಳೀಲಾಕತ್ತದ" ಎಂದು ನಾದಿನಿ ಶೇಂಗಾದ ತಾಟನ್ನು ಅವನ ಕಡೆ ಸರಿಸಿದಳು.

ನನಗೆ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಇಷ್ಟರಲ್ಲಿ ಗಂಡಸಿನ ದನಿ ಕೇಳಿ ಅತ್ತೆ ಒಳಗಿನಿಂದ ಬಂದರು.

"ಯಾರವ್ವ ಇವರು?"

"ಪುಸ್ತಕದಾಗಿಂದ ಬಂದಾರ್ರಿ ಅತ್ತಿ" ಅಂದೆ.

ಅತ್ತೆ ಅವನನ್ನು ನೋಡಿದರು, ಮಗಳನ್ನು ನೋಡಿದರು, ಇಬ್ಬರ ನಡುವಿನ ತಾಟು ನೋಡಿದರು. ಕಡೆಗೆ ನನ್ನ ಕಂಪ್ಯೂಟರಿನ ಮೇಲಿದ್ದ ಧೂಳನ್ನು ತಮ್ಮ ಸೆರಗಿನಿಂದಲೇ ಒರೆಸಿ, ಚಹಾ ಇಡಲು ಒಳಗೆ ಹೋದರು. ಆ ದಿನ ಚಹಾದ ಕಪ್ಪು ತಳ ಕಾಣುವವರೆಗೂ ನಾದಿನಿ ಎತ್ತಲಿಲ್ಲ.

ವಾರದೊಳಗೆ ಅವನ ತಾಯಿ ಬಂದು ನೋಡಿ, ಮಗನ ಸಂಗಡ ಮಾತು ಶುರು ಮಾಡಿದರು. ಮಾತು ಗಟ್ಟಿಯಾಗುವವರೆಗೆ ಯಾರಿಗೂ ಹೇಳಬಾರದು ಎಂದು ಅತ್ತೆ ಕಟ್ಟುನಿಟ್ಟು ಮಾಡಿದ್ದರು. ನಾನು ಅಷ್ಟರಲ್ಲಿ ಕೂತು ಲಿಂಕುಗಳನ್ನೆಲ್ಲ ಸರಿ ಮಾಡಿದೆ. ಹೆಸರಿನ ಹತ್ತಿರ ಇಳಿಯಬೇಡ, ಒಂದು ಫೋಟೋದಷ್ಟು ಮೇಲೆ ಇಳಿ ಎಂದು ಬರೆದು, ಹೊಸ ಪುಸ್ತಕವನ್ನು ಎಲ್ಲರಿಗೂ ಕಳಿಸಿದೆ. ಅಧ್ಯಕ್ಷರು ಮಾಸ್ತರರಲ್ಲವೇ, ಒಂದೊಂದು ಹೆಸರನ್ನೂ ಮುಟ್ಟಿ ಪರೀಕ್ಷೆ ಮಾಡಿ ಫೋನ್ ಹಚ್ಚಿದರು.

"ಭೇಷ್ ತಂಗಿ! ಈಗ ಯಾರ ಹೆಸರು ಮುಟ್ಟಿದ್ರೂ ಅವರದೇ ಫೋಟೋ ಬರ್ತದ. ಒಂದೇ ಒಂದು ತಪ್ಪು ಉಳದದ ನೋಡು. ನಿಮ್ಮ ನಾದಿನಿ ಹೆಸರು ಮುಟ್ಟಿದ್ರ ಇನ್ನೂ ಯಾವನೋ ಮೀಸಿಯವ ಬರ್ತಾನ."

"ಅದು ತಪ್ಪಲ್ಲರಿ ಸರ, ಅದೊಂದು ನಾನೇ ಹಂಗ ಬಿಟ್ಟೀನಿ. ಬರೋ ಐತಾರ ಲಗ್ನ ಗೊತ್ತಾದ ಸಕ್ಕರಿ ಹಂಚಲಾಕ ಖುದ್ದ ಅವರೇ ಬರ್ತಾರ" ಎಂದು ನಡೆದದ್ದನ್ನೆಲ್ಲ ಹೇಳಿದೆ.

ಅಧ್ಯಕ್ಷರು ಯಾರಿಗೂ ಕೇಳಿಸಬಾರದು ಎಂಬಂತೆ ದನಿ ತಗ್ಗಿಸಿದರು.

"ಹಂಗಾದ್ರ ತಂಗಿ, ನಮ್ಮ ತಮ್ಮನ ಮಗಂದೂ ಜರಾ ಕೆಡಿಸಿಬಿಡು."